ಹೊತ್ತು ಮುಳುಗುವ ಮುನ್ನ: ಜಪಾನದ ಆರು ನಗರಗಳಲ್ಲಿ ನಮ್ಮ ವಸಂತ ಪ್ರವಾಸ

ಪರದೇಶ ಪ್ರವಾಸಕ್ಕೆ ಹೊರಟ ಶ್ರಾವಕ ಕುಟುಂಬದವರನ್ನು ಬಂಧು-ಬಾಂಧವರು ಕೇಳುವ ಮೊದಲ ಪ್ರಶ್ನೆ, 'ಅಲ್ಲಿ ಊಟಕ್ಕೇನು ಮಾಡ್ತೀರಿ?' ಎಂಬುದೇ. ಸೋಲಾಪುರದ ನಮ್ಮ ಪೇಟೆಯಲ್ಲಿ 2025ರ ಮಾರ್ಚ್ ತಿಂಗಳು ಪೂರ್ತಿ ನಾನು ಇದಕ್ಕೆ ಉತ್ತರ ಹೇಳಿದ್ದೇ ಹೇಳಿದ್ದು. ಹೋಗುವ ದೇಶ ಜಪಾನ ಎಂದು ತಿಳಿದ ಮೇಲಂತೂ 'ಅದು ಮೀನು ತಿನ್ನುವವರ ದೇಶ' ಎಂದು ತಲೆ ಅಲ್ಲಾಡಿಸಿದವರೇ ಹೆಚ್ಚು. ತಿರುಗಿ ಬಂದ ಮೇಲೆಯೂ ಎಲ್ಲರೂ ಕೇಳಿದ್ದು ಅದನ್ನೇ. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಹೇಳುವುದಕ್ಕಿಂತ ಈ ಮಾಸಿಕದ ಮೂಲಕ ಎಲ್ಲ ವಾಚಕ ಬಂಧುಗಳಿಗೂ ಒಮ್ಮೆಲೇ ಹೇಳಿಬಿಡುವುದು ಲೇಸೆಂದು ಬರೆಯಲು ಕುಳಿತಿದ್ದೇನೆ. ನಾನು ಮ್ಯಾಟ್ರಿಕ್‌ವರೆಗೆ ಓದಿದ ಚಾದರ-ಟವೆಲ್ ವ್ಯಾಪಾರಿ, ಸಾಹಿತಿಯಲ್ಲ. ಕಂಡದ್ದನ್ನು ಖಾತೆ ಬರೆದ ಹಾಗೆ ಬರೆಯುತ್ತೇನೆ.

ನಮ್ಮ ಮಗ ಒಂಬತ್ತು ವರ್ಷದಿಂದ ಟೋಕಿಯೋದಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿ ನೌಕರಿ ಮಾಡುತ್ತಿದ್ದಾನೆ. ಮೂರು ಸಲ ಟಿಕೆಟು ತೆಗೆಸುತ್ತೇನೆಂದ. ಮೂರೂ ಸಲ ನಮ್ಮ ಶ್ರೀಮತಿಯವರು ಒಲ್ಲೆ ಎಂದರು. ಅವರದು ಇಪ್ಪತ್ತು ವರ್ಷಗಳ ನಿಯಮ. ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಕಂದಮೂಲವಿಲ್ಲ. ನೀರು ಸೋಸಿಯೇ ಕುಡಿಯಬೇಕು. ಅಷ್ಟಮಿ-ಚತುರ್ದಶಿಗೆ ಏಕಾಶನ. 'ನಾಲ್ಕು ಊರು ನೋಡುವ ಸಲುವಾಗಿ ಹಿಡಿದ ನಿಯಮ ಬಿಡಲೇನ್ರಿ?' ಎಂಬ ಅವರ ಮಾತಿಗೆ ನನ್ನಲ್ಲಿಯೂ ಉತ್ತರವಿರಲಿಲ್ಲ.

ನಾಲ್ಕನೆಯ ಸಲ ಕರೆ ಬಂದದ್ದು ಮೊಮ್ಮಗಳಿಂದ. ಅವಳಿಗೆ ಆರು ತುಂಬಿತ್ತು. ಎಪ್ರಿಲ್‌ನಲ್ಲಿ ಅಲ್ಲಿನ ಸರಕಾರಿ ಪ್ರಾಥಮಿಕ ಶಾಲೆಗೆ ಸೇರುವವಳಿದ್ದಳು. ಜಪಾನದಲ್ಲಿ ಶಾಲೆಯ ವರ್ಷ ಎಪ್ರಿಲ್‌ಗೆ ಸುರುವಾಗುತ್ತದೆ. ಅದಕ್ಕೆ ಮೊದಲು ಮಾರ್ಚ್ ಕೊನೆಯಿಂದ ಎಪ್ರಿಲ್ ಮೊದಲ ವಾರದವರೆಗೆ ವಸಂತದ ಸೂಟಿ. 'ಆಯಿ, ನೀವು ಬರದಿದ್ರ ನಾ ಸಾಲಿಗೆ ಹೋಗಂಗಿಲ್ಲ' ಎಂದು ಫೋನಿನಲ್ಲಿ ಹಟ ಹಿಡಿದಳು. ಅದರ ಹಿಂದೆ ಇನ್ನೊಂದು ಮಾತಿತ್ತು. ಅದನ್ನು ಸೊಸೆ ಮೆಲ್ಲಗೆ ಅತ್ತೆಯ ಕಿವಿಗೆ ಹಾಕಿದ್ದಳು. ಅಲ್ಲಿನ ಸರಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಶಾಲೆಯದೇ. ಎಲ್ಲ ಮಕ್ಕಳಿಗೂ ಒಂದೇ ಊಟ. ಮಕ್ಕಳೇ ಬಿಳಿ ಟೊಪ್ಪಿಗೆ ಹಾಕಿಕೊಂಡು ತಮ್ಮ ವರ್ಗದಲ್ಲಿ ಬಡಿಸುತ್ತಾರೆ, ಎಲ್ಲರೂ ಕೂಡಿ ಉಣ್ಣುತ್ತಾರೆ. ಆ ಊಟದಲ್ಲಿ ಮೀನು, ಮೊಟ್ಟೆ, ಮಾಂಸ ಇರುವುದೇ. ಮಗನ ವಿಚಾರವೇನೆಂದರೆ, 'ಕಣ್ಣಿಗೆ ಕಾಣುವ ತುಂಡು ಬಿಟ್ಟು ಉಳಿದದ್ದು ಉಣ್ಣಲಿ, ಒಬ್ಬಳೇ ಬೇರೆ ಕೂಡುವುದು ಬೇಡ.' ಸೊಸೆಗೆ ಅದು ಒಪ್ಪಿಗೆಯಿರಲಿಲ್ಲ. ಮನೆಯಲ್ಲಿ ಎರಡು ತಿಂಗಳಿಂದ ಇದೇ ಮಾತು ನಡೆದಿತ್ತು. ಇಷ್ಟು ಕೇಳಿದ ಮೇಲೆ ನಮ್ಮ ಶ್ರೀಮತಿಯವರು, 'ಟಿಕೆಟು ತೆಗೆಸ್ರಿ' ಎಂದರು.

ಹೊರಡುವ ಮುಂಚಿನ ತಯಾರಿ ಒಂದು ಮದುವೆಯ ತಯಾರಿಯಷ್ಟಾಯಿತು. ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಹಸಿ ಹಣ್ಣು, ತರಕಾರಿ, ಬೀಜಗಳನ್ನು ಜಪಾನದೊಳಗೆ ಒಯ್ಯುವಂತಿಲ್ಲ. ಆದರೆ ನಮ್ಮ ಸೋಲಾಪುರದ ಕಡಕ್ ಜೋಳದ ರೊಟ್ಟಿಗೆ ಯಾವ ದೇಶದಲ್ಲಿ ಅಡ್ಡಿ? ನೂರು ರೊಟ್ಟಿ, ಬೆಳ್ಳುಳ್ಳಿಯಿಲ್ಲದ ಶೇಂಗಾ ಚಟ್ನಿ, ಮೆಂತ್ಯದ ಹಿಟ್ಟು, ಹುರಿದ ಅವಲಕ್ಕಿ, ಎರಡು ಸೋಸುವ ಅರಿವೆ. (ಶೇಂಗಾ ನೆಲದೊಳಗೆ ಬೆಳೆದರೂ ಕಂದಮೂಲವಲ್ಲ ಎಂಬುದನ್ನು ಎಳೆಯ ವಾಚಕರಿಗಾಗಿ ಇಲ್ಲಿ ಹೇಳಿಡುತ್ತೇನೆ.) ವಿಮಾನ ಕಂಪನಿಗಳಲ್ಲಿ 'ಜೈನ ಊಟ' ಎಂದೇ ಒಂದು ಬಗೆಯಿದೆ, ಟಿಕೆಟಿನ ಜೊತೆಗೇ ಹೇಳಿಡಬೇಕು, ವಿಮಾನ ಹತ್ತಿದ ಮೇಲೆ ಕೇಳಿದರೆ ಸಿಗುವುದಿಲ್ಲ. ನಮ್ಮದು ರಾತ್ರಿಯ ವಿಮಾನ. ಆದ್ದರಿಂದ ಶ್ರೀಮತಿಯವರು ಮುಂಬಯಿಯಲ್ಲಿಯೇ ಹೊತ್ತಿರುತ್ತ ಉಂಡು, ಮರುದಿನ ಸೂರ್ಯ ಕಾಣಿಸುವವರೆಗೆ ಏನನ್ನೂ ಮುಟ್ಟಲಿಲ್ಲ. ಜಪಾನದ ಗಡಿಯಾರ ನಮ್ಮದಕ್ಕಿಂತ ಮೂರೂವರೆ ತಾಸು ಮುಂದೆ. ಪೂರ್ವಕ್ಕೆ ಹೋಗುವವರಿಗೆ ರಾತ್ರಿ ಸಣ್ಣದಾಗುತ್ತದೆ. ನಿಯಮದವರಿಗೆ ಇದು ಲಾಭವೇ ಸರಿ.

ಮಗನ ಮನೆ ಟೋಕಿಯೋದ ನಿಶಿ-ಕಸಾಯಿ ಎಂಬ ಭಾಗದಲ್ಲಿದೆ. ಭಾರತೀಯರು ಗುಂಪಾಗಿ ನೆಲೆಸಿರುವ ಜಾಗ. ತೊಗರಿಬೇಳೆ, ಗೋಧಿಹಿಟ್ಟು, ಇಂಗು ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿ ಸಿಗುತ್ತವೆ. ಮಾರ್ಚ್ 30ಕ್ಕೆ ನಮ್ಮ ಯುಗಾದಿ. ಅದೇ ದಿನ ಟೋಕಿಯೋದ ಸಕುರಾ ಪೂರ್ಣ ಅರಳಿತೆಂದು ಅಲ್ಲಿನ ಹವಾಮಾನ ಇಲಾಖೆಯವರು ಸಾರಿದರು. ಹೂ ಅರಳಿದ್ದನ್ನು ಸರಕಾರದವರು ಸಾರುವುದೇ ಒಂದು ಸೋಜಿಗ. ಯಾಸುಕುನಿ ದೇವಸ್ಥಾನದ ಅಂಗಳದಲ್ಲಿ ಒಂದು ಗೊತ್ತಾದ ಗಿಡವಿದೆ. ಅದರಲ್ಲಿ ಐದಾರು ಹೂ ಬಿಟ್ಟರೆ 'ಅರಳಲು ಹತ್ತಿತು', ನೂರಕ್ಕೆ ಎಂಬತ್ತು ಮೊಗ್ಗು ಬಿರಿದರೆ 'ಪೂರ್ಣ ಅರಳಿತು' ಎಂದು ಲೆಕ್ಕ. ಬೆಳಿಗ್ಗೆ ಮನೆಯಲ್ಲಿ ಬೇವಿನ ಪುಡಿ-ಬೆಲ್ಲ ತಿಂದು, ಚಳಿಗೆ ಶಾಲು ಹೊದ್ದು ಉಯೇನೋ ಉದ್ಯಾನಕ್ಕೆ ಹೋದೆವು. ಸಾವಿರಾರು ಜನ ನೀಲಿ ಹಾಳೆ ಹಾಸಿ, ಪಾದರಕ್ಷೆ ಕಳಚಿ ಅಂಚಿಗಿಟ್ಟು ಗಿಡದ ಕೆಳಗೆ ಕುಳಿತಿದ್ದರು. ಕುಡಿತವೂ ನಡೆದಿತ್ತು, ನಮಗೆ ಅದು ಸೇರಲಿಲ್ಲ. ಆದರೆ ಎದ್ದು ಹೋಗುವಾಗ ಒಂದು ಕಾಗದದ ಚೂರನ್ನೂ ಬಿಡದೆ ಕಟ್ಟಿಕೊಂಡು ಹೋದರು. ಒಬ್ಬರೂ ಟೊಂಗೆಗೆ ಕೈ ಹಚ್ಚಲಿಲ್ಲ. ಹೂ ಕೀಳದೆ ಹೂವಿನ ಹಬ್ಬ ಮಾಡುವ ಜನವನ್ನು ನಾನು ಮೊದಲ ಸಲ ಕಂಡೆ.

ಟೋಕಿಯೋದಲ್ಲಿ ನನಗೆ ನೋಡಲೇಬೇಕಾದ ಇನ್ನೊಂದು ಜಾಗವಿತ್ತು. ನಿಹೊನ್‌ಬಾಶಿಯಲ್ಲಿರುವ ಮಿತ್ಸುಕೋಶಿ ಎಂಬ ಮಹಾ ಅಂಗಡಿ. ಇದರ ಮೂಲ ಒಂದು ಬಟ್ಟೆ ಅಂಗಡಿ. 1673ರಲ್ಲಿ ಮಿತ್ಸುಯಿ ತಾಕಾತೋಶಿ ಎಂಬ ವರ್ತಕ, ಆಗ ಎದೋ ಎಂದು ಕರೆಯುತ್ತಿದ್ದ ಈ ನಗರದಲ್ಲಿ ಎಚಿಗೋಯಾ ಎಂಬ ಹೆಸರಿನಿಂದ ತೆರೆದದ್ದು. ಆಗಿನ ರೂಢಿ ನಮ್ಮ ಹಳೆಯ ಪೇಟೆಯ ರೂಢಿಯೇ: ದೊಡ್ಡವರ ಮನೆಗೆ ಥಾನು ಹೊತ್ತುಕೊಂಡು ಹೋಗಿ ತೋರಿಸುವುದು, ಗಿರಾಕಿಯ ಮುಖ ನೋಡಿ ದರ ಹೇಳುವುದು, ಉದ್ರಿ ಬರೆದುಕೊಂಡು ವರ್ಷಕ್ಕೆ ಒಂದೆರಡು ಸಲ ವಸೂಲಿ. ಈತ ಅದನ್ನೆಲ್ಲ ತಿರುವಿ ಹಾಕಿದ. ಅಂಗಡಿಗೆ ಬಂದವರಿಗೇ ಮಾಲು, ಎಲ್ಲರಿಗೂ ಒಂದೇ ದರ, ರೋಖು ಮಾತ್ರ. ಪೂರ್ತಿ ಥಾನು ಕೊಳ್ಳಲಾರದವರಿಗೆ ಬೇಕಾದಷ್ಟೇ ಕತ್ತರಿಸಿ ಕೊಡುವ ಪದ್ಧತಿಯನ್ನೂ ತಂದ. ಉಳಿದ ವ್ಯಾಪಾರಿಗಳು ಸಿಟ್ಟಾದರು. ಬಡ ಗಿರಾಕಿಗಳು ಅವನ ಅಂಗಡಿಗೆ ಮುಗಿಬಿದ್ದರು. ಮುನ್ನೂರೈವತ್ತು ವರ್ಷ ಕಳೆದವು. ನಮ್ಮ ಸೋಲಾಪುರದ ಓಣಿಯಲ್ಲಿ ಇಂದಿಗೂ ನಾನು ಉದ್ರಿ ಪುಸ್ತಕ ಮುಚ್ಚಲಾಗಿಲ್ಲ! ಅಲ್ಲಿ ಒಂದು ಕರವಸ್ತ್ರ ಕೊಂಡೆ. ಮಾರುವ ಹೆಣ್ಣುಮಗಳು ಹಣವನ್ನು ಒಂದು ತಟ್ಟೆಯಲ್ಲಿ ಇಡಿಸಿಕೊಂಡು, ಎಣಿಸಿ ತೋರಿಸಿ, ಎರಡೂ ಕೈಯಿಂದ ಚಿಲ್ಲರೆ ಕೊಟ್ಟಳು. ಆಗ ಒಂದು ಯೆನ್ ನಮ್ಮ ಅರವತ್ತು ಪೈಸೆಗೂ ಒಳಗಿತ್ತು. ಆದರೂ ಕರವಸ್ತ್ರದ ದರ ಕೇಳಿ ಶ್ರೀಮತಿಯವರು ನನ್ನ ಮುಖ ನೋಡಿದರು.

ಈಗ ಊಟದ ಮಾತಿಗೆ ಬರುತ್ತೇನೆ. ಜಪಾನದಲ್ಲಿ ತೊಂದರೆ ಕಣ್ಣಿಗೆ ಕಾಣುವ ಮೀನಿನದಲ್ಲ, ಕಾಣದ ಮೀನಿನದು. 'ದಾಶಿ' ಎಂಬ ಸಾರಿನ ನೀರು ಅಲ್ಲಿನ ಅಡಿಗೆಯ ಬುನಾದಿ. ಒಣಗಿಸಿದ ಮೀನನ್ನು ತೆಳ್ಳಗೆ ಹೆರೆದು ಕುದಿಸಿ ಸೋಸಿದ ನೀರು ಅದು. ಬರೀ ಗೋಧಿಯ ಶಾವಿಗೆ, ಬರೀ ಕುಂಬಳಕಾಯಿ ಪಲ್ಯ ಎಂದು ನಾವು ತಿಳಿಯುವ ಪದಾರ್ಥವೂ ಅದರಲ್ಲಿಯೇ ಬೆಂದಿರುತ್ತದೆ. ಕಡಲ ಪಾಚಿಯಿಂದ ಮಾಡಿದ ದಾಶಿಯೂ ಉಂಟು; ಆದರೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಸೊಸೆ ಜಪಾನಿ ಭಾಷೆಯಲ್ಲಿ ಒಂದು ಚೀಟಿ ಬರೆದು ಅತ್ತೆಯ ಕೈಗೆ ಕೊಟ್ಟಿದ್ದಳು: ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗೆಡ್ಡೆ-ಗೆಣಸು ಇವರು ಉಣ್ಣುವುದಿಲ್ಲ. ಅದನ್ನು ತೋರಿಸಿದಲ್ಲೆಲ್ಲ ಅಂಗಡಿಯವರು ಒಳಗೆ ಹೋಗಿ ಅಡಿಗೆಯವರನ್ನು ಕೇಳಿ ಬರುತ್ತಿದ್ದರು. ಹತ್ತರಲ್ಲಿ ಏಳು ಕಡೆ ತಲೆ ಬಾಗಿಸಿ 'ಆಗುವುದಿಲ್ಲ' ಎಂದರು. ನನಗೆ ಇದು ಬಹಳ ಹಿಡಿಸಿತು. 'ಹೂಂ ಹೂಂ, ಎಲ್ಲಾ ಶುದ್ಧ' ಎಂದು ಹೇಳಿ ಬಡಿಸುವವನಿಗಿಂತ ಗಿರಾಕಿಯನ್ನು ಕಳೆದುಕೊಂಡು ಖರೆ ಹೇಳುವವನು ಮೇಲು.

ಹೊತ್ತಿನ ಲೆಕ್ಕವೂ ಒಂದು ಇತ್ತು. ಟೋಕಿಯೋದಲ್ಲಿ ಆ ದಿನಗಳಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತದೆ. ಕ್ಯೋಟೋ, ಕೋಬೆ ಕಡೆಗೆ ಹದಿನೈದು-ಇಪ್ಪತ್ತು ನಿಮಿಷ ತಡ. ಆದರೆ ಬಹಳಷ್ಟು ಊಟದ ಅಂಗಡಿಗಳು ಮಧ್ಯಾಹ್ನ ಎರಡು-ಎರಡೂವರೆಗೆ ಮುಚ್ಚಿ ಮತ್ತೆ ಐದಕ್ಕೆ, ಐದೂವರೆಗೆ ತೆರೆಯುತ್ತವೆ. ಬಡಿಸುವಷ್ಟರಲ್ಲಿ ಹೊತ್ತು ಹೋಗಿರುತ್ತದೆ. ಆದ್ದರಿಂದ ನಾವು ಇಳಿದುಕೊಳ್ಳಲು ಎಲ್ಲ ಊರಲ್ಲಿಯೂ ಒಲೆ ಇರುವ ಬಾಡಿಗೆ ಮನೆಯನ್ನೇ ಹಿಡಿದೆವು. ಬೆಳಿಗ್ಗೆ ಅನ್ನ-ಬೇಳೆ ಮಾಡಿ ಡಬ್ಬಿಗೆ ತುಂಬಿಕೊಳ್ಳುವುದು, ನಾಲ್ಕೂವರೆಗೆ ಎಲ್ಲಿದ್ದರೂ ಕುಳಿತು ಉಣ್ಣುವುದು. ಆಗ ಸ್ಟ್ರಾಬೆರಿ ಹಣ್ಣಿನ ಸುಗ್ಗಿ. ತೋಫು, ಸೋಯಾ ಹಾಲು ಓಣಿ ಓಣಿಯಲ್ಲಿ. ಕಡಕ್ ರೊಟ್ಟಿ ಎಂಟು ದಿನದಲ್ಲಿ ಮುಗಿದವು. ತಿಂದು ಮುಗಿಸಿದವನು ಮಗ. ಅವನಿಗೆ ಅಷ್ಟು ವರ್ಷದ ಹಸಿವು ಇತ್ತೆಂದು ಅವನ ತಾಯಿಗೆ ಆಗಲೇ ತಿಳಿದದ್ದು.

ಟೋಕಿಯೋದಿಂದ ನಾಗೋಯಾಕ್ಕೆ ಬುಲೆಟ್ ರೈಲು, ಸುಮಾರು ನೂರು ನಿಮಿಷದ ದಾರಿ. 1964ರ ಅಕ್ಟೋಬರ್ 1ರಿಂದ ಈ ಮಾರ್ಗದಲ್ಲಿ ಈ ರೈಲು ಓಡುತ್ತಿದೆ. ಈಗ ಗಂಟೆಗೆ 285 ಕಿಲೋಮೀಟರ್‌ವರೆಗೆ ಹೋಗುತ್ತದೆ. ರೈಲಿನ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ನಾನು ಬೆಳೆಸುವುದಿಲ್ಲ. ಬಲಗಡೆ ಕುಳಿತರೆ ಫುಜಿ ಪರ್ವತ ಕಾಣುತ್ತದೆಂದು ಮೊಮ್ಮಗಳು ನಮ್ಮನ್ನೆಲ್ಲ ಬಲಗಡೆ ಕೂಡಿಸಿದಳು. ಮೋಡ ಮುಚ್ಚಿತ್ತು, ಕಾಣಲಿಲ್ಲ.

ನಾಗೋಯಾದಲ್ಲಿ ಮಾತ್ರ ನನ್ನನ್ನು ಎಬ್ಬಿಸಿಕೊಂಡು ಹೋಗುವುದು ಮಗನಿಗೆ ಕಷ್ಟವಾಯಿತು. ಮೋಟಾರಿನ ಟೊಯೋಟಾ ಕಂಪನಿಯವರ ಹಳೆಯ ನೇಯ್ಗೆ ಕಾರಖಾನೆಯ ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ 1994ರಲ್ಲಿ ಒಂದು ಸಂಗ್ರಹಾಲಯ ತೆರೆದಿದ್ದಾರೆ. ಈ ಮನೆತನದ ಮೂಲಪುರುಷ ಸಾಕಿಚಿ ತೊಯೋದಾ 1867ರಲ್ಲಿ ಹುಟ್ಟಿದ ಬಡಿಗನ ಮಗ. ಮನೆಯಲ್ಲಿ ತಾಯಿ ಕೈಮಗ್ಗದ ಮುಂದೆ ಬೆನ್ನು ಬಗ್ಗಿಸಿ ದುಡಿಯುವುದನ್ನು ನೋಡಿ ಮಗ್ಗ ಸುಧಾರಿಸಲು ಹತ್ತಿದನೆಂದು ಹೇಳುತ್ತಾರೆ. 1924ರಲ್ಲಿ ಆತ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲಿ, ಓಡುತ್ತಿರುವಾಗಲೇ ಮುಗಿದ ಲಾಳಿಯ ಜಾಗಕ್ಕೆ ಹೊಸ ಲಾಳಿ ತಾನಾಗಿ ಬಂದು ಕೂಡುತ್ತದೆ. ಒಂದು ಎಳೆ ಹರಿದರೆ ಮಗ್ಗ ತಾನಾಗಿ ನಿಲ್ಲುತ್ತದೆ. ಅಲ್ಲಿಯವರು ನಮ್ಮೆದುರು ಒಂದು ಎಳೆಯನ್ನು ಹರಿದು ತೋರಿಸಿದರು. ಟಕ್ ಎಂದು ನಿಂತಿತು. 1929ರಲ್ಲಿ ಇಂಗ್ಲೆಂಡಿನ ಓಲ್ಡಹ್ಯಾಮದ ಪ್ಲ್ಯಾಟ್ ಬ್ರದರ್ಸ್ ಕಂಪನಿಯವರು ಇದರ ಹಕ್ಕು ಕೊಂಡರು. ಜಗತ್ತಿಗೆಲ್ಲ ಮಗ್ಗ ಮಾರುತ್ತಿದ್ದ ಇಂಗ್ಲೆಂಡಿನವರು ಜಪಾನದ ಬಡಿಗನ ಮಗನ ಹತ್ತಿರ ಮಗ್ಗದ ಯುಕ್ತಿ ಕೊಳ್ಳುವಂತಾಯಿತು! ಆತನ ಮಗ ಮಗ್ಗದ ಕಾರಖಾನೆಯ ಒಳಗೇ ಮೋಟಾರು ವಿಭಾಗ ತೆರೆದ. 1937ರಲ್ಲಿ ಅದು ಬೇರೆ ಕಂಪನಿಯಾಯಿತು.

ನಮ್ಮ ಊರಿನ ಹಳೇ ಮಿಲ್ 1877ರಲ್ಲಿ ಸುರುವಾದದ್ದು, ಈ ಮಗ್ಗಕ್ಕಿಂತ ನಾಲ್ವತ್ತೇಳು ವರ್ಷ ಮೊದಲು. ಅದು ಎಂದೋ ನಿಂತುಹೋಗಿದೆ. ಸೋಲಾಪುರಿ ಚಾದರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದೇನೋ ಖರೆ. ಆದರೆ ಹಳೆಯ ಮಗ್ಗಗಳ ಮೇಲೆಯೇ ನಮ್ಮ ನೇಕಾರರು ಹೋರಾಡುತ್ತಿದ್ದಾರೆ. ಮಗ ಈ ಧಂಧೆಗೆ ಬರುವುದಿಲ್ಲವೆಂದು ಹದಿನೈದು ವರ್ಷದ ಹಿಂದೆ ಹೇಳಿದಾಗ ನನಗೆ ಬೇಸರವಾಗಿತ್ತು. ಆ ದಿನ ಅವನೇ ಹಾಸು-ಹೊಕ್ಕು, ಲಾಳಿ ಎಂಬ ನಮ್ಮ ಮಾತುಗಳನ್ನೆಲ್ಲ ತನ್ನ ಮಗಳಿಗೆ ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದ. ನಾನು ಸುಮ್ಮನೆ ಹಿಂದೆ ನಿಂತು ಕೇಳಿದೆ.

ಕ್ಯೋಟೋ ಸಾವಿರ ವರ್ಷಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿದ್ದ ಊರು. ಗುಡಿಗಳ ವರ್ಣನೆ ಪ್ರವಾಸದ ಪುಸ್ತಕಗಳಲ್ಲಿ ಸಿಗುತ್ತದೆ. ನಾನು ನೇಕಾರರ ಓಣಿಯಾದ ನಿಶಿಜಿನ್‌ಗೆ ಹೋದೆ. 1872ರಲ್ಲಿ ಈ ಊರಿನವರು ಫ್ರಾನ್ಸಿನ ಲಿಯೋನ್ ನಗರಕ್ಕೆ ಮೂವರನ್ನು ಕಳುಹಿಸಿ ಜಕಾರ್ಡ್ ಮಗ್ಗದ ವಿದ್ಯೆ ತರಿಸಿಕೊಂಡರು. ನಮ್ಮ ಚಾದರಿನ ಮೇಲೆ ಹೂ-ಬಳ್ಳಿ, ನವಿಲು ಮೂಡುವುದೂ ಇದೇ ಜಕಾರ್ಡ್‌ನಿಂದಲೇ. ಆದರೆ ನಿಶಿಜಿನ್‌ನದು ರೇಷ್ಮೆ. ಬಂಗಾರದ ಎಳೆ ಕೂಡಿಸಿ ನೇಯ್ದ ಆ ನಡುಪಟ್ಟಿಗಳ ಕೆಲಸ ಕಣ್ಣು ಕುಕ್ಕುವಂಥದು. ಕೈಗಾರಿಕೆ ಬಲ್ಲವನಾಗಿ ಮೆಚ್ಚಿಕೊಂಡೆ, ಕೊಳ್ಳಲಿಲ್ಲ. ಗೂಡಿನೊಳಗಿನ ಹುಳುವನ್ನು ಬಿಸಿನೀರಿನಲ್ಲಿ ಕೊಂದು ತೆಗೆದ ಎಳೆ ಅದು. ನಮ್ಮ ತಂದೆಯವರ ಕಾಲದಿಂದ ನಮ್ಮ ಅಂಗಡಿಯಲ್ಲಿ ರೇಷ್ಮೆ ಇಟ್ಟಿಲ್ಲ. ನಮ್ಮ ಸಮಾಜದ ಮದುವೆಗಳಲ್ಲಿಯೇ ಪಟ್ಟೆಯ ಸೀರೆಗಾಗಿ ಲಕ್ಷ ಲಕ್ಷ ಸುರಿಯುವುದನ್ನು ಕಂಡಾಗ ಅನಿಸುವುದನ್ನು ಇಲ್ಲಿ ಬರೆದರೆ ಕೆಲವರಿಗೆ ಸಿಟ್ಟು ಬಂದೀತು. ಇರಲಿ.

ಕ್ಯೋಟೋದಲ್ಲಿ ಬೌದ್ಧ ಸನ್ಯಾಸಿಗಳ ಊಟವೊಂದಿದೆ, 'ಶೋಜಿನ್' ಅಡಿಗೆ ಎನ್ನುತ್ತಾರೆ. ಮಾಂಸ, ಮೀನು, ಮೊಟ್ಟೆ ಇಲ್ಲ. ಸೋಜಿಗವೆಂದರೆ ಉಳ್ಳಾಗಡ್ಡಿ-ಬೆಳ್ಳುಳ್ಳಿಯೂ ವರ್ಜ್ಯ. ಓದಿದಾಗ ನಮ್ಮವರೇ ಬರೆದ ನಿಯಮದಂತೆ ಕಂಡಿತು. ಆದರೆ ತಾವರೆಯ ಬೇರು, ಮೂಲಂಗಿ, ಕೆಸುವಿನ ಗೆಡ್ಡೆ ಅವರಿಗೆ ನಡೆಯುತ್ತವೆ. ಎಳ್ಳಿನ ತೋಫು ಎಂದು ಬಂದದ್ದನ್ನು ಗಟ್ಟಿ ಮಾಡುವುದು ಕುಜು ಎಂಬ ಬಳ್ಳಿಯ ಬೇರಿನ ಹಿಟ್ಟಿನಿಂದ ಎಂದು ಸೊಸೆ ಕೇಳಿ ತಿಳಿದಳು. ಹೀಗೆ ಒಂಬತ್ತು ಬಟ್ಟಲುಗಳಲ್ಲಿ ಐದು ಶ್ರೀಮತಿಯವರ ಮುಂದಿನಿಂದ ನನ್ನ ಕಡೆಗೆ ಸರಿದವು. ಉಳಿದದ್ದು ಅನ್ನ, ಸೊಪ್ಪು, ಹಣ್ಣು, ಮತ್ತು 'ಯುಬಾ', ಎಂದರೆ ಸೋಯಾ ಹಾಲನ್ನು ಕಾಸಿದಾಗ ಮೇಲೆ ಕಟ್ಟುವ ಕೆನೆಯ ಪದರು. ಅದು ಅವರಿಗೆ ಬಹಳ ಸೇರಿತು. ಊರಿಗೆ ಬಂದ ಮೇಲೆ ಮನೆಯಲ್ಲಿ ಎರಡು ಸಲ ಮಾಡಿಯೂ ನೋಡಿದ್ದಾರೆ.

ಒಂದು ದಿನ ನಾರಾಕ್ಕೆ ಹೋಗಿ ಬಂದೆವು. ತೋದಾಯಿ-ಜಿ ಗುಡಿಯಲ್ಲಿ ಕಂಚಿನ ಮಹಾಬುದ್ಧನಿದ್ದಾನೆ, ಕುಳಿತ ಭಂಗಿಯಲ್ಲಿಯೇ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಈ ಮೂರ್ತಿಗೆ ಕಣ್ಣು ತೆರೆಸುವ ವಿಧಿಯನ್ನು ನಡೆಸಿದವನು ಭಾರತದಿಂದ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಸಮುದ್ರ ದಾಟಿ 736ರಲ್ಲಿ ಅಲ್ಲಿ ಇಳಿದವನು. ಅವನು ಊಟಕ್ಕೆ ಏನು ಮಾಡಿದನೋ ಎಂದು ನಮ್ಮ ಶ್ರೀಮತಿಯವರ ಪ್ರಶ್ನೆ! ಅಲ್ಲಿಯ ಜಿಂಕೆಗಳು ಊರ ತುಂಬ ನಿರ್ಭಯವಾಗಿ ತಿರುಗುತ್ತವೆ. ಬಿಸ್ಕೀಟು ಬೇಕಾದರೆ ತಲೆ ಬಾಗಿಸಿ ನಮಸ್ಕಾರ ಮಾಡುತ್ತವೆ. ಓಸಾಕಾದಲ್ಲಿ ಒಂದು ಸಂಜೆ ಮಾತ್ರ ಇದ್ದೆವು. ಎಪ್ರಿಲ್ 13ರಂದು ತೆರೆಯಲಿದ್ದ ವಿಶ್ವ ಪ್ರದರ್ಶನದ ಗಡಿಬಿಡಿ ಊರ ತುಂಬ ಇತ್ತು.

ಎಪ್ರಿಲ್ 5, ಶನಿವಾರ, ಅಷ್ಟಮಿ. ಆ ದಿನಕ್ಕೆ ಕೋಬೆಯಲ್ಲಿರಬೇಕೆಂದು ಮೊದಲೇ ಗೊತ್ತು ಮಾಡಿದ್ದೆವು. ಕೋಬೆಯ ಕಿತಾನೋ ಎಂಬ ಏರು ಓಣಿಯಲ್ಲಿ 1985ರಲ್ಲಿ ಕಟ್ಟಿದ ಭಗವಾನ್ ಮಹಾವೀರ ಸ್ವಾಮಿ ಮಂದಿರವಿದೆ, ಬಿಳಿಯ ಅಮೃತಶಿಲೆಯದು. ಜಪಾನಿ ಮನೆಗಳ ನಡುವೆ ತಿರುವಿನಲ್ಲಿ ಶಿಖರ ಕಂಡ ಕೂಡಲೇ ಶ್ರೀಮತಿಯವರು ಅಲ್ಲಿಯೇ ಓಣಿಯಲ್ಲಿ ಚಪ್ಪಲಿ ಬಿಟ್ಟರು. ಅದು ನಮ್ಮ ಶ್ವೇತಾಂಬರ ಬಂಧುಗಳ ಮಂದಿರ. ಮೊಮ್ಮಗಳು ಮೂರ್ತಿಯನ್ನು ನೋಡಿ, 'ಆಯಿ, ನಮ್ಮೂರ ಬಸದಿಯೊಳಗ ದೇವರು ಕಣ್ಣು ಮುಚ್ಚ್ಯಾನಲ್ಲ, ಇಲ್ಲಿ ತೆರದಾನಲ್ಲ?' ಎಂದು ಕೇಳಿದಳು. 'ಅವರು ಹಂಗ ನೋಡತಾರ, ನಾವು ಹಿಂಗ ನೋಡತೇವಿ. ಒಳಗಿನಾವ ಒಬ್ಬನ' ಎಂದರು ಆಯಿ. ನಂತರ ಇಬ್ಬರೂ ಕುಳಿತು ಣಮೋಕಾರ ಮಂತ್ರ ಹೇಳಿದರು. ಮೊಮ್ಮಗಳಿಗೆ ಪೂರ್ತಿ ಬಂತು. ಸೊಸೆ ಪ್ರತಿ ರಾತ್ರಿ ಮಲಗುವಾಗ ಹೇಳಿಸುತ್ತಾಳೆಂದು ನಮಗೆ ಗೊತ್ತಿರಲಿಲ್ಲ.

ಅಲ್ಲಿ ಗುಜರಾತದ ಹಿರಿಯರೊಬ್ಬರು ಭೆಟ್ಟಿಯಾದರು, ಮುತ್ತಿನ ವ್ಯಾಪಾರದವರು. ಕೋಬೆ ಮುತ್ತಿನ ಪೇಟೆ. ಭಾರತೀಯ ವರ್ತಕರಿಗೂ ಕೋಬೆಗೂ ನಂಟು ಹಳೆಯದು. 1893ರಲ್ಲಿ ಜಮಶೇಟಜಿ ಟಾಟಾ ಅವರ ಸಹಕಾರದಿಂದ ಜಪಾನದ ಹಡಗು ಕಂಪನಿ ಮುಂಬಯಿಗೆ ನೇರ ಮಾರ್ಗ ತೆರೆದ ಮೇಲೆ ನಮ್ಮ ಹತ್ತಿ ಈ ಕಡೆಗೆ ಬರಹತ್ತಿತು. 1923ರ ಭೂಕಂಪದಲ್ಲಿ ಯೋಕೋಹಾಮಾ ನಗರ ನಾಶವಾದಾಗ ಅಲ್ಲಿದ್ದ ಭಾರತೀಯ ವ್ಯಾಪಾರಿಗಳು ಬಹಳ ಜನ ಕೋಬೆಗೆ ಬಂದು ಅಂಗಡಿ ಹೂಡಿದರು. ಕೋಬೆಗೂ ಆ ಗತಿ ಬಂತು: 1995ರ ಜನವರಿ 17, ಬೆಳಗಿನ 5 ಗಂಟೆ 46 ನಿಮಿಷ. 6,400ಕ್ಕೂ ಹೆಚ್ಚು ಜನ ತೀರಿಕೊಂಡರು. ಬಂದರಿನ ಒಡೆದ ಕಟ್ಟೆಯ ಒಂದು ಭಾಗವನ್ನು ಹಾಗೆಯೇ ಉಳಿಸಿದ್ದಾರೆ, ನೋಡಿ ಬಂದೆವು. ಆ ಹಿರಿಯರು ಅಂದಿನ ಮಾತನ್ನು ಹೆಚ್ಚು ಆಡಲಿಲ್ಲ. ಮುತ್ತಿನ ಚಿಪ್ಪಿನ ಜೀವದ ಬಗ್ಗೆ ನಾನು ಕೇಳಿದೆ. 'ಶೇಠಜೀ, ರೇಷ್ಮೆ ಬೇಡವೆಂದು ನಿಮ್ಮ ತಂದೆಯವರಿಗೆ ತಿಳಿಯಿತು. ನನಗೆ ಈ ಮಾತು ತಿಳಿಯುವಷ್ಟರಲ್ಲಿ ಐವತ್ತು ವರ್ಷದ ಧಂಧೆಯಾಗಿತ್ತು' ಎಂದರು. ಅವರ ಮಕ್ಕಳು ಈಗ ಬೇರೆ ಕೆಲಸದಲ್ಲಿದ್ದಾರೆ.

ಶಾಲೆಯ ಊಟದ ಮಾತು ತೀರಿದ್ದು ಆ ಮಧ್ಯಾಹ್ನವೇ. ಶ್ರೀಮತಿಯವರದು ಏಕಾಶನ, ಒಂದೇ ಹೊತ್ತಿನ ಊಟ ಮುಗಿಸಿ ಬಾಡಿಗೆ ಮನೆಯಲ್ಲಿ ಕುಳಿತಾಗ ಮಗನೇ ಮಾತು ತೆಗೆದ. ಅವನ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ತಾನು ಪುಣೆಯ ಹಾಸ್ಟೆಲಿನಲ್ಲಿ ಹೊತ್ತಿರುತ್ತ ಉಣ್ಣುವವನೆಂದು ನಾಲ್ಕು ವರ್ಷ ಎಲ್ಲರ ನಗೆಗೆ ಗುರಿಯಾಗಿದ್ದನಂತೆ, ನಮಗೆ ಹೇಳಿರಲಿಲ್ಲ. 'ಅವ್ವಾ, ಆ ಒಂಟಿತನ ಆಕಿಗೆ ಬ್ಯಾಡ' ಎಂದ. ಶ್ರೀಮತಿಯವರು ಬಹಳ ಹೊತ್ತು ಸುಮ್ಮನಿದ್ದರು. ಸಿಟ್ಟಾಗುತ್ತಾರೆಂದು ನಾನು ತಿಳಿದಿದ್ದೆ. 'ನನ್ನ ನಿಯಮ ನಾ ಹಿಡದದ್ದು, ನಾಲ್ವತ್ತು ದಾಟಿದ ಮ್ಯಾಲ. ಅದನ್ನ ಆರು ವರ್ಷದ ಕೂಸಿನ ತಲಿ ಮ್ಯಾಲ ಹೇರಂಗಿಲ್ಲ. ಬಟಾಟಿ ತಿನ್ನಲಿ, ಸಂಜಿಗೆ ಹಸಿವಾದರ ಉಣ್ಣಲಿ. ಆದರ ಜೀವಾ ಕೊಂದದ್ದು ಆಕಿ ತಾಟಿನೊಳಗ ಬರಬಾರದು, ನೀರಿನೊಳಗೂ ಬರಬಾರದು' ಎಂದರು. ಮುಂದೆ ಅವರು ಸೊಸೆಯ ಕಡೆಗೆ ತಿರುಗಿ ಕೇಳಿದ್ದು ಒಂದೇ: 'ಆ ಸಾಲಿಯವರು ಏನೇನು ಮಾಡತೀವಿ ಅಂತ ಮೊದಲ ಹೇಳತಾರೇನು?'

ಹೇಳುತ್ತಾರೆ. ಅಲ್ಲಿನ ಶಾಲೆಗಳು ಪ್ರತಿ ತಿಂಗಳೂ ಊಟದ ಪಟ್ಟಿಯನ್ನು ಅಚ್ಚು ಹಾಕಿಸಿ ಮನೆಗೆ ಕಳುಹಿಸುತ್ತವೆ. ಯಾವ ದಿನ ಯಾವ ಪದಾರ್ಥ, ಅದರಲ್ಲಿ ಏನೇನು ಬಿದ್ದಿದೆ ಎಲ್ಲವೂ ಇರುತ್ತದೆ. ಶ್ರೀಮತಿಯವರ ತೀರ್ಮಾನ ಸರಳ: ಮೊಮ್ಮಗಳು ಎಲ್ಲರ ಜೊತೆಯಲ್ಲಿಯೇ ಕೂಡಬೇಕು, ಪಟ್ಟಿಯಲ್ಲಿ ಇರುವಂಥದೇ ಕಾಣುವ ಪದಾರ್ಥವನ್ನು ಮನೆಯಿಂದ ಡಬ್ಬಿಯಲ್ಲಿ ಒಯ್ಯಬೇಕು. ಶಾಲೆಯವರು ಒಪ್ಪಬೇಕಷ್ಟೆ. ಎಪ್ರಿಲ್ 6ಕ್ಕೆ ಟೋಕಿಯೋಕ್ಕೆ ತಿರುಗಿ ಬಂದು, 7ರಂದು ಶಾಲೆಯ ಪ್ರವೇಶ ಸಮಾರಂಭಕ್ಕೆ ಎಲ್ಲರೂ ಹೋದೆವು. ತಾಯಂದಿರು ಕಿಮೋನೋ, ತಂದೆಯಂದಿರು ಕರಿ ಕೋಟು. ಶ್ರೀಮತಿಯವರು ಇಳಕಲ್ ನಮೂನೆಯ ನೂಲಿನ ಸೀರೆ. ಸಮಾರಂಭವಾದ ಮೇಲೆ ಮಗ-ಸೊಸೆ ವರ್ಗದ ಶಿಕ್ಷಕಿಯವರನ್ನು ಕಂಡರು. ಅವರು ಮುಖ್ಯೋಪಾಧ್ಯಾಯರನ್ನು ಕೇಳಿ, ಎರಡು ದಿನ ಬಿಟ್ಟು ಒಪ್ಪಿಗೆ ತಿಳಿಸಿದರು. ಮೊಮ್ಮಗಳೂ ತನ್ನ ಸರದಿ ಬಂದಾಗ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಡಿಸಬೇಕು, ಊಟವಾದ ಮೇಲೆ ಎಲ್ಲರ ಜೊತೆ ಕಸ ಹೊಡೆಯಬೇಕು, ಅದರಲ್ಲಿ ರಿಯಾಯಿತಿ ಇಲ್ಲ ಎಂದರು. ಬಡಿಸುವ ವಿಚಾರ ಶ್ರೀಮತಿಯವರಿಗೆ ಸ್ವಲ್ಪ ಕಸಿವಿಸಿಯಾಯಿತು, ಆದರೆ ಏನೂ ಅನ್ನಲಿಲ್ಲ.

10ನೆಯ ತಾರೀಖು ಮಹಾವೀರ ಜಯಂತಿ. ಮನೆಯಲ್ಲಿಯೇ ಸಣ್ಣ ತೊಟ್ಟಿಲು ಕಟ್ಟಿ, ಪಕ್ಕದ ಎರಡು ಮನೆಯವರನ್ನು ಕರೆದು ಆಚರಿಸಿದೆವು. 12ಕ್ಕೆ ಹೊರಟು ಊರಿಗೆ ಬಂದೆವು. ಶಾಲೆಯ ಮೊದಲ ಊಟ ನಾವು ಬಂದ ಮೇಲಿನ ಬುಧವಾರ ಆಯಿತು. ಅಂದಿನ ಪಟ್ಟಿಯಲ್ಲಿ ಅನ್ನ ಮತ್ತು ಜಪಾನಿ ಕರಿ. ಸೊಸೆ ಕುಂಬಳಕಾಯಿ, ಬಟಾಣಿ ಹಾಕಿ ಅದೇ ಬಣ್ಣ ಬರುವಂತೆ ಮಾಡಿ ಕೊಟ್ಟಿದ್ದಳು. ನಾನು ಅಂಗಡಿಯಲ್ಲಿದ್ದಾಗ ಫೋನಿನಲ್ಲಿ ಮೊಮ್ಮಗಳ ಮುಖ ಕಾಣಿಸಿತು. 'ಮುತ್ಯಾ, ಎಲ್ಲಾರದೂ ಕಂದು ಬಣ್ಣ, ನಂದೂ ಕಂದು ಬಣ್ಣ!' ಎಂದಳು. ಬಾಜೂ ಕುಳಿತ ಹುಡುಗಿಗೆ ಕುಂಬಳಕಾಯಿಯ ವಾಸನೆ ಹಿಡಿಸಿತಂತೆ. ನಾಳೆ ಏನು ಎಂದು ಕೇಳಿದೆ. ಪಟ್ಟಿಯಲ್ಲಿ ಹುರಿದ ಮೀನು ಇದೆಯೆಂದೂ, ತನ್ನ ತಾಯಿ ತೋಫುವನ್ನು ಅದೇ ಆಕಾರಕ್ಕೆ ಕತ್ತರಿಸುತ್ತಿದ್ದಾಳೆಂದೂ ಹೇಳಿ, ಆಯಿಗೆ ಫೋನು ಕೊಡಿರೆಂದಳು.